ನಾಲ್ವರು, ಎರಡು ಸೈಕಲ್ಲು, ನೂರು ಸುತ್ತು

ಬುಧವಾರ

ಅಮೆರಿಕದ ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್‌ನಿಂದ ವಿಶ್ವವಿದ್ಯಾಲಯದ ಊರಾದ ಬ್ಲೂಮಿಂಗ್ಟನ್‌ಗೆ ದಕ್ಷಿಣಕ್ಕೆ ಸುಮಾರು ಐವತ್ತು ಮೈಲಿ ದಾರಿ. ಮೊದಲರ್ಧದಲ್ಲಿ ಇನ್ನೂ ಬಿತ್ತನೆಯಾಗದ ಮೆಕ್ಕೆಜೋಳದ ಮತ್ತು ಸೋಯಾ ಹೊಲಗಳನ್ನು ಬಿಟ್ಟರೆ ನೋಡುವಂಥದ್ದು ಹೆಚ್ಚಿಲ್ಲ. ಮಾರ್ಟಿನ್ಸ್‌ವಿಲ್ ದಾಟಿದ ಮೇಲೆ ನೆಲ ಏರಿಳಿಯತೊಡಗುತ್ತದೆ. ಹಿಮಯುಗದ ಹಿಮನದಿಗಳು ರಾಜ್ಯದ ಉತ್ತರ ಮತ್ತು ಮಧ್ಯಭಾಗವನ್ನು ಉಜ್ಜಿ ಸಮತಟ್ಟು ಮಾಡಿ, ದಕ್ಷಿಣದ ಈ ಭಾಗವನ್ನು ಮುಟ್ಟದೆ ಬಿಟ್ಟಿದ್ದರಿಂದ ಇಲ್ಲಿ ಗುಡ್ಡಗಳು ಉಳಿದುಕೊಂಡಿವೆ. ಏಪ್ರಿಲ್ ತಿಂಗಳಾದ್ದರಿಂದ ಎಲೆ ಮೂಡುವ ಮೊದಲೇ ಹೂಬಿಟ್ಟ ರೆಡ್‌ಬಡ್ ಮರಗಳು ಆ ಇಳಿಜಾರುಗಳ ತುಂಬ ನೇರಳೆ ಬಣ್ಣ ಚೆಲ್ಲಿದ್ದವು. ಇಂಡಿಯಾನಾ ವಿಶ್ವವಿದ್ಯಾಲಯದ ಸೈಕಲ್ ತಂಡಗಳು ಚಳಿಗಾಲ ಸಡಿಲವಾದ ಕೂಡಲೇ ಅಭ್ಯಾಸಕ್ಕೆ ಬರುವುದು ಈ ಗುಡ್ಡಗಳಿಗೇ ಎಂದು ಕಾರು ಓಡಿಸುತ್ತಿದ್ದ ತಮ್ಮನ ಮಗಳು ಹೇಳಿದಳು. ಅವಳು ಅಂಥದೊಂದು ತಂಡದಲ್ಲಿರುವುದರಿಂದಲೇ ನಾನು ಇಷ್ಟು ದೂರ ಬಂದದ್ದು.

ನಾನು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು ನಿವೃತ್ತನಾದವನು. ಕಾಲೇಜು ಕ್ರೀಡೆಯೆಂದರೆ ಹಣಕ್ಕಾಗಿ ಪ್ರಾಂಶುಪಾಲರ ಕೋಣೆಯ ಮುಂದೆ ಕಾಯುವುದು ಎಂದೇ ತಿಳಿದಿದ್ದ ನನಗೆ, ಕ್ರೀಡೆಯೇ ಹಣ ತಂದು ಇತರ ವಿದ್ಯಾರ್ಥಿಗಳನ್ನು ಓದಿಸುತ್ತದೆ ಎಂಬ ಮಾತು ಕುತೂಹಲ ಹುಟ್ಟಿಸಿತ್ತು. ಇಲ್ಲಿಯ 'ಲಿಟಲ್ 500' ಅಂಥ ಓಟ; ನಾಲ್ವರ ತಂಡಗಳು ಸರದಿಯ ಮೇಲೆ ತುಳಿಯುವ ಸೈಕಲ್ ಪಂದ್ಯ. ವಿಶ್ವವಿದ್ಯಾಲಯದ ನಿಧಿಸಂಸ್ಥೆಯಾದ ಇಂಡಿಯಾನಾ ಯೂನಿವರ್ಸಿಟಿ ಫೌಂಡೇಶನ್ನಿನ ಮುಖ್ಯಸ್ಥರಾಗಿದ್ದ ಹೌಡಿ ವಿಲ್‌ಕಾಕ್ಸ್, ಹಾಸ್ಟೆಲ್ ಕಟ್ಟಡವೊಂದರ ಸುತ್ತ ಹುಡುಗರು ಸೈಕಲ್ ಪಂದ್ಯ ನಡೆಸುತ್ತಿದ್ದುದನ್ನು ಕಂಡು, 1951ರಲ್ಲಿ ಇದನ್ನು ಆರಂಭಿಸಿದರು. ಅವರ ತಂದೆ 1919ರ ಇಂಡಿಯಾನಾಪೊಲಿಸ್ 500 ಮೋಟಾರು ಓಟವನ್ನು ಗೆದ್ದವರು. ಇಂಡಿಯಾನಾಪೊಲಿಸ್ 500ರಲ್ಲಿ ಮೂವತ್ಮೂರು ಕಾರುಗಳು ಮೂರು ಮೂರರಂತೆ ಹನ್ನೊಂದು ಸಾಲಿನಲ್ಲಿ ಹೊರಡುವ ಕ್ರಮವನ್ನೇ ಮಗ ಸೈಕಲ್ಲಿಗೂ ಇಳಿಸಿದರು. ದುಡಿಯುತ್ತ ಓದುವವರಿಗೆ ವಿದ್ಯಾರ್ಥಿವೇತನ ಕೂಡಿಸುವುದು ಓಟದ ಉದ್ದೇಶ. ಅದು ಇವತ್ತಿಗೂ ಬದಲಾಗಿಲ್ಲ.

ಸಂಜೆ ಬಿಲ್ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣಕ್ಕೆ ಹೋದೆವು. ನಡುವೆ ಫುಟ್‌ಬಾಲ್ ಮೈದಾನ, ಅದರ ಸುತ್ತ ಕಾಲು ಮೈಲಿಯ ಸಿಂಡರ್ ಟ್ರ್ಯಾಕ್. ಕಲ್ಲಿದ್ದಲು ಸುಟ್ಟು ಉಳಿದ ಕಿಟ್ಟದ ಪುಡಿಯನ್ನು ಹಾಸಿ, ನೀರು ಚಿಮುಕಿಸಿ, ರೋಲರ್ ಎಳೆದು ಮಾಡುವ ಈ ಬಗೆಯ ನೆಲದ ಮೇಲೆ ನಾನು ವಿದ್ಯಾರ್ಥಿಯಾಗಿದ್ದಾಗ ಓಡಿದ್ದೇನೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂದ ನಂತರ ಅಥ್ಲೆಟಿಕ್ಸ್‌ನಿಂದ ಅದು ಕಣ್ಮರೆಯಾಯಿತು. ಅಂಥ ನೆಲವನ್ನು ಇಲ್ಲಿ ಹಠ ಹಿಡಿದು ಉಳಿಸಿಕೊಂಡಿದ್ದಾರೆ. ಬಗ್ಗಿ ಒಂದು ಹಿಡಿ ಎತ್ತಿಕೊಂಡೆ: ಕಪ್ಪು, ಒರಟು, ಅಂಚು ಚೂಪಾದ ಕಣಗಳು, ಬೆರಳುಗಳ ನಡುವೆ ಉಜ್ಜಿದರೆ ಚರ್ಮ ಕೆರೆಯುತ್ತದೆ. ತಿರುವಿನಲ್ಲಿ ಟೈರು ಇದರ ಮೇಲೆ ಹಿಡಿತ ಕಳೆದುಕೊಂಡು ಪಕ್ಕಕ್ಕೆ ಸರಿಯುತ್ತದೆ. ಬಿದ್ದವರ ಮೊಣಕೈಯಲ್ಲಿ ಹೊಕ್ಕ ಕಣಗಳನ್ನು ಬ್ರಷ್ಷಿನಿಂದ ತಿಕ್ಕಿ ತೆಗೆಯಬೇಕಾಗುತ್ತದೆ ಎಂದು ಅವಳು ತನ್ನ ಎಡ ಮೊಣಕೈ ತೋರಿಸಿದಳು. ವಾಸಿಯಾದ ಗಾಯದ ಚರ್ಮದಡಿಯಲ್ಲಿ ಎರಡು ಕಪ್ಪು ಚುಕ್ಕೆಗಳು ಹಾಗೆಯೇ ಉಳಿದಿದ್ದವು. ತಮ್ಮನಿಗೆ ಇದು ಗೊತ್ತೇ ಎಂದು ಕೇಳಿದೆ. "ಅಪ್ಪನಿಗೆ ಹೇಳಬೇಡಿ ದೊಡ್ಡಪ್ಪ, ಓಟ ಮುಗಿದ ಮೇಲೆ ನಾನೇ ಹೇಳುತ್ತೇನೆ" ಎಂದಳು.

ಗುರುವಾರ

ಬೆಳಿಗ್ಗೆ ಸೈಕಲ್ಲನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕಿತು. ಓಟದಲ್ಲಿ ಬಳಸುವ ಸೈಕಲ್ಲುಗಳನ್ನು ಸಂಘಟಕರೇ ಕೊಡುತ್ತಾರೆ. ಪ್ರತಿ ತಂಡಕ್ಕೂ ಒಂದೇ ಮಾದರಿಯವು. ಗೇರು ಒಂದೇ, ಮುಂದೆ 46 ಹಲ್ಲು, ಹಿಂದೆ 18 ಹಲ್ಲು. ಹ್ಯಾಂಡಲ್‌ನಲ್ಲಿ ಬ್ರೇಕ್ ಇಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರ ನಿಲ್ಲುತ್ತದೆ. ಪೆಡಲುಗಳು ಸಾದಾ ರಬ್ಬರಿನವು, ಪಾದವನ್ನು ಬಿಗಿಯುವ ಯಾವ ಕೊಂಡಿಯೂ ಇಲ್ಲ. ಸಾವಿರಾರು ಡಾಲರಿನ ಕಾರ್ಬನ್ ಸೈಕಲ್ಲು ಇಟ್ಟುಕೊಂಡವರಿಗೂ, ಹಳೆಯ ಸೈಕಲ್ಲನ್ನು ಎರವಲು ಪಡೆದು ಅಭ್ಯಾಸ ಮಾಡಿದವರಿಗೂ ಓಟದ ದಿನ ಸಿಗುವುದು ಇದೇ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆ. ಪೆಡಲ್ ಒಂದು ಸುತ್ತು ತಿರುಗಿದರೆ ಈ ಸೈಕಲ್ಲು ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಹಾಗಾಗಿ ಕಾಲು ಮೈಲಿಯ ಒಂದು ಸುತ್ತಿಗೆ 73 ತುಳಿತಗಳು ಬೇಕು. ನಲವತ್ತು ಸೆಕೆಂಡಿನಲ್ಲಿ ಸುತ್ತು ಮುಗಿಸಬೇಕೆಂದರೆ ನಿಮಿಷಕ್ಕೆ 110 ಬಾರಿ ತುಳಿಯಬೇಕು. ವೇಗ ಗಂಟೆಗೆ 36 ಕಿಲೋಮೀಟರ್ ಆಗುತ್ತದೆ. ಬೇರೆ ಗೇರು ಇಲ್ಲದ್ದರಿಂದ ದಣಿದಾಗ ಹಗುರ ಮಾಡಿಕೊಳ್ಳುವುದಕ್ಕೂ, ಕೊನೆಯ ಸುತ್ತಿನಲ್ಲಿ ಭಾರ ಮಾಡಿಕೊಂಡು ಮುನ್ನುಗ್ಗುವುದಕ್ಕೂ ದಾರಿಯಿಲ್ಲ. ಕಾಲು ಬೇಗ ತಿರುಗಬೇಕು, ಅಷ್ಟೆ. ಇದನ್ನು ರೂಢಿಸಿಕೊಳ್ಳುವುದಕ್ಕೆ ತಂಡಗಳು ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳಾಂಗಣದಲ್ಲಿ ರೋಲರ್ ತುಳಿಯುತ್ತವೆ.

ರೋಲರ್ ಎಂದರೇನೆಂದು ಮಧ್ಯಾಹ್ನ ಚೆನ್ನಾಗಿ ತಿಳಿಯಿತು. ಕ್ಯಾಂಪಸ್ಸಿನ ಪಶ್ಚಿಮದಂಚಿನಲ್ಲಿ ಸ್ಯಾಂಪಲ್ ಗೇಟ್ಸ್ ಎಂಬ ಸುಣ್ಣಕಲ್ಲಿನ ಕಮಾನುಗಳಿವೆ. ಅಲ್ಲಿಂದ ಕರ್ಕ್‌ವುಡ್ ಬೀದಿ ಊರೊಳಕ್ಕೆ ಹೋಗುತ್ತದೆ. ಜನ ಓಡಾಡುವ ಆ ಜಾಗಕ್ಕೆ ಹತ್ತಿರದಲ್ಲಿ ತಮ್ಮನ ಮಗಳ ತಂಡ ಎರಡು ರೋಲರ್ ಹಾಕಿಕೊಂಡು ಬೆಳಗಿನಿಂದ ಸರದಿಯ ಮೇಲೆ ಸೈಕಲ್ಲು ತುಳಿಯುತ್ತಿತ್ತು. ಒಂದು ಚೌಕಟ್ಟಿನಲ್ಲಿ ಅಡ್ಡಲಾಗಿ ಮೂರು ಉರುಳೆಗಳು: ಹಿಂಚಕ್ರ ಎರಡರ ನಡುವೆ ಕೂರುತ್ತದೆ, ಮುಂಚಕ್ರ ಮೂರನೆಯದರ ಮೇಲೆ, ಹಿಂದಿನ ಉರುಳೆ ತಿರುಗಿದರೆ ಪಟ್ಟಿಯೊಂದು ಮುಂದಿನದನ್ನೂ ತಿರುಗಿಸುತ್ತದೆ. ಸೈಕಲ್ಲನ್ನು ಹಿಡಿದು ನಿಲ್ಲಿಸುವ ಆಧಾರವೇ ಇಲ್ಲ. ನೇರ ನಿಲ್ಲುವುದು ತುಳಿತದ ಬಲದಿಂದ ಮಾತ್ರ. ಹತ್ತುವಾಗ ಜೊತೆಯವಳ ಭುಜ ಹಿಡಿದು, ವೇಗ ಕೂಡಿದ ಮೇಲೆ ಮೆಲ್ಲಗೆ ಕೈ ಬಿಡುತ್ತಾರೆ. ದೃಷ್ಟಿಯನ್ನು ನಾಲ್ಕೈದು ಅಡಿ ಮುಂದಿನ ನೆಲದಲ್ಲಿ ನೆಡಬೇಕು. ಚಕ್ರವನ್ನು ನೋಡಲು ತಲೆ ಬಗ್ಗಿಸಿದರೆ ಸೈಕಲ್ಲು ಅಂಚಿಗೆ ಸರಿದು ಸವಾರಳನ್ನು ಕೆಡವುತ್ತದೆ. ಬೆವರು ತಾಗದಿರಲೆಂದು ಚೌಕಟ್ಟಿನ ಕೊಳವೆಗೆ ಟವೆಲ್ ಸುತ್ತಿದ್ದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಹಿಂಡುವ ಹಾಗಾಗಿತ್ತು.

ಪಕ್ಕದ ಮೇಜಿನ ಮೇಲೆ ಹಣ ಸಂಗ್ರಹದ ಫಲಕ. ಟಿಕೆಟ್ಟಿನಿಂದಲೂ ಪ್ರಾಯೋಜಕರಿಂದಲೂ ಬರುವ ಹಣವನ್ನು ವಿದ್ಯಾರ್ಥಿವೇತನಕ್ಕೆ ಮುಟ್ಟಿಸುವುದು ಸಂಘಟಕರ ಕೆಲಸ. ಇವರ ತಂಡ ಅದರ ಜೊತೆಗೆ, ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಿಗೆ ಉಚಿತವಾಗಿ ದಿನಸಿ ಕೊಡುವ ಭಂಡಾರವೊಂದಕ್ಕೆ ತನ್ನದೇ ದೇಣಿಗೆ ಎತ್ತುತ್ತಿತ್ತು. ಶುಕ್ರವಾರದ ಓಟದಲ್ಲಿ ತಂಡ ಮುಗಿಸುವ ಪ್ರತಿ ಸುತ್ತಿಗೆ ಇಷ್ಟು ಎಂದು ಒಪ್ಪಿ ಹೆಸರು ಬರೆಸಬಹುದು, ಇಲ್ಲವೇ ಒಂದೇ ಮೊತ್ತ ಕೊಟ್ಟುಬಿಡಬಹುದು. ಹಣ ನೇರವಾಗಿ ಭಂಡಾರದ ಖಾತೆಗೆ ಹೋಗುವಂತೆ ಕ್ಯುಆರ್ ಕೋಡ್ ಅಂಟಿಸಿದ್ದರು. ಆ ಭಂಡಾರ ಅಮೆರಿಕದ ತೆರಿಗೆ ಕಾನೂನಿನ 501(ಸಿ)(3) ವಿಧಿಯಡಿ ದತ್ತಿ ಸಂಸ್ಥೆಯಾಗಿ ನೋಂದಾಯಿತವಾದ್ದರಿಂದ ಕೊಟ್ಟವರು ತೆರಿಗೆಯ ಲೆಕ್ಕದಲ್ಲಿ ಅದನ್ನು ತೋರಿಸಬಹುದು. ತಂಡದ ಕೈಗೆ ಕೊಟ್ಟರೆ ಆ ಅನುಕೂಲವಿಲ್ಲ. ತಂಡದ ಸ್ವಂತ ಖರ್ಚಿಗೆ, ಅಂದರೆ ಪ್ರವೇಶ ಶುಲ್ಕ, ಹೆಲ್ಮೆಟ್ಟು, ಟೈರು, ಜೆರ್ಸಿಗಳಿಗೆ ಬೇಕಾದ ಹಣವನ್ನು ಹಳೆಯ ಸವಾರರಿಂದ ಬೇರೆಯಾಗಿ ಕೇಳುತ್ತಾರೆ. ಎರಡನ್ನೂ ಬೆರೆಸಬಾರದೆಂಬ ವಿಷಯದಲ್ಲಿ ನಮ್ಮ ಹುಡುಗಿ ತುಂಬ ಕಟ್ಟುನಿಟ್ಟು. ಯಾರೋ ಒಬ್ಬರು ಐದು ಡಾಲರಿನ ನೋಟನ್ನು ಮೇಜಿನ ಮೇಲಿಟ್ಟು ಹೋದಾಗ, ಅದು ಯಾವ ಖಾತೆಗೆ ಎಂದು ಕೇಳಲು ಅವರ ಹಿಂದೆಯೇ ಓಡಿದಳು.

ದಾನ ಕೇಳುವುದು ಎಲ್ಲೆಡೆಯೂ ಒಂದೇ ರೀತಿಯ ಕಷ್ಟದ ಕೆಲಸ. ಫಲಕ ಓದಿ ಕೊಟ್ಟವರು ಇಲ್ಲವೆಂದೇ ಹೇಳಬೇಕು. ಹೋಗುತ್ತಿದ್ದವರು ರೋಲರಿನ ಸದ್ದಿಗೆ ತಿರುಗಿ, ಹುಡುಗಿ ಬೀಳುತ್ತಾಳೋ ಏನೋ ಎಂದು ನಿಲ್ಲುತ್ತಿದ್ದರು. ಅವಳು ಬೀಳದೆ ಇದ್ದುದರಿಂದ ಇನ್ನೊಂದು ನಿಮಿಷ ನಿಲ್ಲುತ್ತಿದ್ದರು. ಅಷ್ಟರಲ್ಲಿ ಮೇಜಿನ ಹಿಂದಿನಿಂದ ಯಾರಾದರೂ ಮಾತಾಡಿಸಿದರೆ ಕೊಡುತ್ತಿದ್ದರು. ತಾನೇ ಹಿಂದೆ ಈ ಓಟದಲ್ಲಿ ಸೈಕಲ್ ತುಳಿದಿದ್ದ ನಡುವಯಸ್ಸಿನವರೊಬ್ಬರು ಏನನ್ನೂ ಓದದೆ, ಸುತ್ತಿಗೆ ಎರಡು ಡಾಲರ್ ಎಂದು ಬರೆದು, ಟೈರಿನ ಗಾಳಿ ಒತ್ತಿ ನೋಡಿ, ತಲೆಯಾಡಿಸಿ ಹೋದರು. ನಾನು ಸುತ್ತಿಗೆ ಒಂದು ಡಾಲರ್ ಎಂದು ಬರೆಸಿದೆ.

ತಂಡದ ನಾಲ್ಕನೆಯ ಹುಡುಗಿ ಅಲ್ಲಿಗೆ ಬಂದದ್ದು ಮೂರು ಗಂಟೆಯ ನಂತರ. ಅವಳಿಗೆ ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ಕೆಲಸ, ಅದು ಮುಗಿದ ಮೇಲೆ ತರಗತಿಗಳು. ಬಂದವಳೇ ಬೂಟು ಬದಲಾಯಿಸಿ ರೋಲರ್ ಹತ್ತಿದಳು. ಇಂಡಿಯಾನಾದಲ್ಲಿ ಕಾನೂನಿನ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, ರಾಜ್ಯದ ನಿವಾಸಿಗಳಿಗೇ ಇಲ್ಲಿ ವರ್ಷದ ಬೋಧನಾ ಶುಲ್ಕ ಸುಮಾರು 12 ಸಾವಿರ ಡಾಲರ್. ಭೋಜನಶಾಲೆಯ ಕೂಲಿ ಕನಿಷ್ಠಕ್ಕಿಂತ ಮೇಲಿದೆ, ನಿಜ. ಆದರೂ ಕನಿಷ್ಠದ ಲೆಕ್ಕ ಹಿಡಿದರೆ ಆ ಶುಲ್ಕವೊಂದಕ್ಕೇ 1,650 ಗಂಟೆ ದುಡಿಯಬೇಕು. ವಸತಿ, ಊಟ, ಪುಸ್ತಕ ಬೇರೆ. ವಿಲ್‌ಕಾಕ್ಸ್ ಈ ಓಟವನ್ನು ಹುಟ್ಟುಹಾಕಿದ್ದೇ ಇಂಥವರಿಗಾಗಿ. ಎಲ್ಲರಿಗೂ ಒಂದೇ ಸೈಕಲ್ಲು, ಒಂದೇ ಗೇರು ಎಂಬ ನಿಯಮ ಹಣವಂತರ ಮೇಲುಗೈಯನ್ನು ಟ್ರ್ಯಾಕಿನಿಂದ ಹೊರಗಿಟ್ಟಿದೆ, ಅದರಲ್ಲಿ ಅನುಮಾನವಿಲ್ಲ. ಬಿಡುವಿನ ಹೊತ್ತನ್ನು ಮಾತ್ರ ಯಾವ ನಿಯಮವೂ ಸಮ ಮಾಡಲಾರದು. ಚಳಿಗಾಲವಿಡೀ ದಿನಕ್ಕೆರಡು ಗಂಟೆ ಅಭ್ಯಾಸ ಮಾಡಬಲ್ಲವರು ಬೆಳಗಿನ ಐದೂವರೆಗೆ ತಟ್ಟೆ ಜೋಡಿಸಬೇಕಾಗಿಲ್ಲದವರು. ಓಟದ ಫಲಾನುಭವಿಯಾಗಬೇಕಾದವಳು ಓಟದಲ್ಲಿ ಸ್ಪರ್ಧಿಯಾಗುವುದು ಎಷ್ಟು ಕಷ್ಟವೆಂದು ಅವಳನ್ನು ನೋಡಿದಾಗ ಅರಿವಾಯಿತು. ಅವಳಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ತುಳಿಯುವುದನ್ನು ನಿಲ್ಲಿಸಿ ಕೇಳುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ.

ಶುಕ್ರವಾರ

ಇವತ್ತು ಮಹಿಳೆಯರ ಓಟ. ನೂರು ಸುತ್ತು, 25 ಮೈಲಿ. ಪುರುಷರದು ಇನ್ನೂರು ಸುತ್ತು, 50 ಮೈಲಿ, ನಾಳೆ.

ಮಹಿಳೆಯರಿಗೆ ಮೊದಲು ಇಲ್ಲಿ ಇದ್ದದ್ದು ಮೂರು ಚಕ್ರದ ಸೈಕಲ್ಲಿನ ವಿನೋದ ಪಂದ್ಯ. 1987ರಲ್ಲಿ ಹುಡುಗಿಯರ ತಂಡವೊಂದು ಪುರುಷರ ಓಟಕ್ಕೇ ಅರ್ಹತೆ ಪಡೆಯಲು ಹೊರಟಿತು. ಅರ್ಹತೆ ಸಿಗಲಿಲ್ಲ, ಆದರೆ ಮರುವರ್ಷ, 1988ರಲ್ಲಿ, ಮಹಿಳೆಯರ ಪ್ರತ್ಯೇಕ ಓಟ ಶುರುವಾಯಿತು. ಪುರುಷರದಕ್ಕಿಂತ 37 ವರ್ಷ ತಡ. ಸುತ್ತುಗಳು ಈಗಲೂ ಅರ್ಧವೇ ಏಕೆ ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣವನ್ನು ಯಾರೂ ಹೇಳಲಿಲ್ಲ. 2008ರ ಏಪ್ರಿಲ್‌ನಲ್ಲಿ ಪ್ರಾಥಮಿಕ ಚುನಾವಣೆಯ ಪ್ರಚಾರದಲ್ಲಿದ್ದ ಬರಾಕ್ ಒಬಾಮಾ ಈ ಮಹಿಳೆಯರ ಓಟಕ್ಕೆ ಬಂದು ಟ್ರ್ಯಾಕಿನ ಪಕ್ಕದಲ್ಲಿ ಕೈಕುಲುಕಿ ಹೋದದ್ದನ್ನು ಮಾತ್ರ ಹಲವರು ಹೇಳಿದರು.

ಮಾರ್ಚ್‌ ತಿಂಗಳ ಅರ್ಹತಾ ಸುತ್ತಿನ ವೇಗವನ್ನು ನೋಡಿ ನಿಲ್ಲುವ ಜಾಗ ಕೊಡುತ್ತಾರೆ. ನಮ್ಮ ತಂಡಕ್ಕೆ ಎಂಟನೆಯ ಸಾಲು ಬಂದಿತ್ತು. ಮುಂದಿನ ವಾಹನದ ಹಿಂದೆ ನಿಧಾನವಾಗಿ ಸುತ್ತು ಹಾಕಿ, ವಾಹನ ಪಕ್ಕಕ್ಕೆ ಸರಿದು ಹಸಿರು ಬಾವುಟ ಬೀಸಿದ ಕೂಡಲೇ ಗುಂಪು ಹಾರಿತು. ಚಕ್ರಗಳು ಕಿಟ್ಟದ ಮೇಲೆ ಉರುಳುವ ಗರಗರ ಶಬ್ದ ಮೊದಲ ತಿರುವಿನಲ್ಲಿ ಜನರ ಕೂಗಿಗಿಂತ ಜೋರಾಗಿ ಕೇಳಿಸಿತು.

ಗುಂಪಿನೊಳಗಿರುವುದೇ ಈ ಓಟದ ಜಾಣತನ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು. ಮುಂದಿನವಳ ಚಕ್ರಕ್ಕೆ ಗೇಣಿನಷ್ಟು ಹತ್ತಿರ ಅಂಟಿಕೊಂಡರೆ ಹಿಂದಿನವಳ ಶ್ರಮದಲ್ಲಿ ಕಾಲುಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಳಿತಾಯವಾಗುತ್ತದೆ. ಹಾಗಾಗಿ ಗುಂಪಿನಿಂದ ಹತ್ತು ಮೀಟರ್ ಹಿಂದೆ ಬಿದ್ದವಳು ಆ ಹತ್ತು ಮೀಟರನ್ನು ತುಂಬಿಕೊಳ್ಳಲು ಗಾಳಿಯನ್ನು ಒಬ್ಬಳೇ ಸೀಳಬೇಕು. ಅಷ್ಟರಲ್ಲಿ ಅವಳ ಕಾಲು ಸೋತಿರುತ್ತದೆ. ಗುಂಪಿನ ನಡುವೆಯೇ ಇದ್ದರೆ ಅಪಾಯ ಇನ್ನೊಂದು ಬಗೆಯದು: ಮುಂದಿದ್ದವಳು ಬಿದ್ದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಹ್ಯಾಂಡಲ್‌ನಲ್ಲಿ ಬ್ರೇಕೂ ಇಲ್ಲ.

ಗುಂಪು ಒಡೆಯುವುದು ಹೆಚ್ಚಾಗಿ ಸವಾರರ ಬದಲಾವಣೆಯಲ್ಲಿ. ಇವರ ಭಾಷೆಯಲ್ಲಿ ಅದು ಎಕ್ಸ್‌ಚೇಂಜ್. ನೂರು ಸುತ್ತಿನಲ್ಲಿ ಕನಿಷ್ಠ ಐದು ಬದಲಾವಣೆ ಕಡ್ಡಾಯ, ಪುರುಷರಿಗೆ ಹತ್ತು. ಬರುವವಳು ಎರಡು ಸುತ್ತು ಮೊದಲೇ ಕೈಯಿಂದ ತಲೆ ತಟ್ಟಿ ಸೂಚನೆ ಕೊಡುತ್ತಾಳೆ. ಕೊನೆಯ ನೇರದಾರಿಯಲ್ಲಿ ಸೀಟಿನ ಹಿಂದಕ್ಕೆ ಸರಿಯುತ್ತ, ಪೆಡಲನ್ನು ಹಿಂದಕ್ಕೆ ಒತ್ತಿ ಚಕ್ರವನ್ನು ಅರ್ಧ ಕಟ್ಟಿಹಾಕುತ್ತಾಳೆ. ಗುರುತು ಹಾಕಿದ ಜಾಗದಲ್ಲಿ ಕಾಯುತ್ತಿರುವವಳು ಅವಳು ಬರುವ ದಿಕ್ಕಿಗೆ ಬೆನ್ನು ಮಾಡಿ, ಕತ್ತು ಹೊರಳಿಸಿ ನೋಡುತ್ತ ಓಡತೊಡಗುತ್ತಾಳೆ. ಬಂದವಳು ಹಿಂದಕ್ಕೆ ಜಾರಿ ಕೆಳಗೆ ಬೀಳುವ ಕ್ಷಣಕ್ಕೆ ಸರಿಯಾಗಿ, ಓಡುತ್ತಿರುವವಳ ಕೈ ಹ್ಯಾಂಡಲ್ ಹಿಡಿಯಬೇಕು, ಎರಡು ಹೆಜ್ಜೆಯಲ್ಲಿ ನೆಗೆದು ಸೀಟಿನ ಮೇಲೆ ಕೂರಬೇಕು, ಪಾದಗಳು ಪೆಡಲನ್ನು ಹುಡುಕಿಕೊಳ್ಳಬೇಕು. ಇದಕ್ಕೆಲ್ಲ ಎರಡು ಮೂರು ಸೆಕೆಂಡು. ರಿಲೇ ಓಟದ ಬ್ಯಾಟನ್ ಕೈಬದಲಿಸುವುದನ್ನು ವರ್ಷಗಟ್ಟಲೆ ಕಲಿಸಿದವನು ನಾನು; ಇದರ ಮುಂದೆ ಅದು ತುಂಬ ಸೌಮ್ಯವಾದ ವಿದ್ಯೆ ಎನಿಸಿತು. ನಾಲ್ವರ ಎತ್ತರ ಬೇರೆಬೇರೆಯಾದ್ದರಿಂದ ಇನ್ನೊಂದು ತೊಡಕು ಉಂಟು. ತಂಡಕ್ಕಿರುವ ಎರಡು ಸೈಕಲ್ಲುಗಳಲ್ಲಿ ಒಂದರ ಸೀಟನ್ನು ಎತ್ತರದವರಿಗೆ, ಇನ್ನೊಂದರದನ್ನು ಕುಳ್ಳಗಿನವರಿಗೆ ಹೊಂದಿಸಿ, ಯಾರ ನಂತರ ಯಾರು ಎಂಬುದನ್ನು ಅದರ ಮೇಲೆ ನಿರ್ಧರಿಸುತ್ತಾರೆ.

ನಮ್ಮ ಹುಡುಗಿ ಹತ್ತು ಸುತ್ತು ತುಳಿದು ಇಳಿದಳು. ಅವಳ ಕೈಯಿಂದ ಸೈಕಲ್ಲು ಪಡೆದವಳು ತಂಡದ ಅತಿ ವೇಗದ ಸವಾರಳು. ಹೆಚ್ಚು ಸುತ್ತು ಅವಳ ಪಾಲಿಗೆ. ನಾಲ್ವರೂ ಸಮನಾಗಿ ಹಂಚಿಕೊಳ್ಳಬೇಕೆಂಬ ನಿಯಮವಿಲ್ಲ. 1962ರ ಪುರುಷರ ಓಟದಲ್ಲಿ ಗೆದ್ದ ತಂಡದ ಡೇವ್ ಬ್ಲೇಸ್ ಎಂಬ ಸವಾರ ಇನ್ನೂರರಲ್ಲಿ 139 ಸುತ್ತುಗಳನ್ನು ಒಬ್ಬನೇ ತುಳಿದದ್ದನ್ನು ಇಲ್ಲಿಯ ಜನ ಇವತ್ತಿಗೂ ನೆನೆಯುತ್ತಾರೆ. ಅಂಥದ್ದು ಮೆಚ್ಚುವಂಥ ಸಾಹಸ ನಿಜ, ಆದರೆ ತಂಡ ಎಂದು ಕರೆಯಲು ನನಗೆ ನಾಲ್ವರ ಬೆವರೂ ಕಾಣಬೇಕು.

ಮೂವತ್ತನೆಯ ಸುತ್ತಿನ ಹತ್ತಿರ ಮೂರನೆಯ ತಿರುವಿನಲ್ಲಿ ಐದಾರು ಮಂದಿ ಒಟ್ಟಿಗೆ ಬಿದ್ದರು. ಹಳದಿ ಬಾವುಟ ಬಂತು. ಹಳದಿಯಿರುವಾಗ ಯಾರೂ ಯಾರನ್ನೂ ದಾಟುವ ಹಾಗಿಲ್ಲ. ನಮ್ಮವರು ಆ ಗುಂಪಿನ ಹಿಂದಿದ್ದರಿಂದ ಹೊರಬದಿಯ ಹುಲ್ಲಿನಂಚಿಗೆ ಸರಿದು ಪಾರಾದರು. ಬಿದ್ದವಳೊಬ್ಬಳು ಸೈಕಲ್ಲನ್ನು ಹೆಗಲಿಗೇರಿಸಿ ತನ್ನ ಪಿಟ್ಟಿನವರೆಗೆ, ಅಂದರೆ ತಂಡದವರು ನಿಲ್ಲುವ ಜಾಗದವರೆಗೆ, ಓಡಿ, ಅದನ್ನು ಜೊತೆಯವಳಿಗೆ ಕೊಟ್ಟ ನಂತರ ನೆಲದ ಮೇಲೆ ಕೂತಳು.

ಭೋಜನಶಾಲೆಯ ಹುಡುಗಿಗೆ ನಡುವಿನಲ್ಲಿ ಎಂಟು ಸುತ್ತು, ಕೊನೆಯ ಭಾಗದಲ್ಲಿ ಮತ್ತೆ ಆರು ಎಂದು ಯೋಜನೆಯಾಗಿತ್ತು. ಅವಳು ಏರಿದಾಗ ನಮ್ಮ ತಂಡ ಎರಡನೆಯ ಗುಂಪಿನ ಬಾಲದಲ್ಲಿತ್ತು. ಆರು ಸುತ್ತು ಅವಳು ಗುಂಪಿಗೆ ಅಂಟಿಕೊಂಡಿದ್ದಳು. ಏಳನೆಯ ಸುತ್ತಿನ ಎರಡನೆಯ ತಿರುವಿನಲ್ಲಿ ಅವಳಿಗೂ ಮುಂದಿನ ಚಕ್ರಕ್ಕೂ ನಡುವೆ ಒಂದು ಸೈಕಲ್ಲಿನಷ್ಟು ಅಂತರ ಬಿತ್ತು. ನೇರದಾರಿಗೆ ಬರುವಾಗ ಅದು ಮೂರು ಸೈಕಲ್ಲಿನಷ್ಟಾಗಿತ್ತು. ಭುಜಗಳು ಅತ್ತಿತ್ತ ಆಡತೊಡಗಿದವು. ದಣಿದ ಸವಾರನ ಮೊದಲ ಲಕ್ಷಣವದು. ಕಾಲಿನಲ್ಲಿ ಇಲ್ಲದ ಬಲವನ್ನು ಮೈ ಹುಡುಕುತ್ತದೆ. ಎಂಟು ಸುತ್ತು ಪೂರ್ತಿ ತುಳಿದೇ ಅವಳು ಇಳಿದಳು. ಆದರೆ ಆ ಎರಡು ಸುತ್ತುಗಳಲ್ಲಿ ಕಳೆದುಹೋದ ಅಂತರವನ್ನು ತಂಡ ಮತ್ತೆ ತುಂಬಿಕೊಳ್ಳಲಾಗಲಿಲ್ಲ. ಕೊನೆಯ ಆರು ಸುತ್ತು ಅವಳಿಗೇ ಕೊಡಬೇಕೇ ಬೇಡವೇ ಎಂದು ಪಿಟ್ಟಿನಲ್ಲಿ ತಗ್ಗಿದ ದನಿಯಲ್ಲಿ ಚರ್ಚೆ ನಡೆದದ್ದು ಬೇಲಿಯಾಚೆ ನಿಂತ ನನಗೆ ಕಾಣುತ್ತಿತ್ತು. ಕೊಟ್ಟರು. ಆ ಆರು ಸುತ್ತುಗಳನ್ನು ಅವಳು ಯಾರಿಗೂ ಅಂಟಿಕೊಳ್ಳದೆ, ಒಬ್ಬಳೇ ಗಾಳಿಯಲ್ಲಿ, ಒಂದೇ ಸಮನಾಗಿ ತುಳಿದಳು.

ಗೆದ್ದ ತಂಡ ನೂರು ಮುಗಿಸುವಷ್ಟರಲ್ಲಿ ಒಂದು ಗಂಟೆಯ ಮೇಲೆ ಕೆಲವು ನಿಮಿಷಗಳಾಗಿದ್ದವು. ನಮ್ಮವರದು 97 ಸುತ್ತು, ಹದಿನೇಳನೆಯ ಸ್ಥಾನ. ಇಪ್ಪತ್ತೆರಡರ ಆಸುಪಾಸಿನಿಂದ ಹೊರಟು ಐದು ಸ್ಥಾನ ಮೇಲೇರಿದ್ದಕ್ಕೆ ನಾಲ್ವರೂ ಕುಣಿದಾಡಿದರು. ಸಂಜೆ ನಾನು 97 ಡಾಲರನ್ನು ಭಂಡಾರದ ಖಾತೆಗೆ ಹಾಕಿದೆ. ಅವಳು ರಸೀದಿ ಬಂದಿದೆಯೇ ಎಂದು ನೋಡಿಯೇ ಊಟಕ್ಕೆ ಕೂತಳು. ಊಟದ ನಂತರ ತಮ್ಮನಿಗೆ ಫೋನ್ ಮಾಡಿ ಮೊಣಕೈಯ ವಿಷಯ ಹೇಳಿದಳು. ಆ ಕಡೆಯ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಶನಿವಾರ

ಪುರುಷರ ಓಟಕ್ಕೆ ಜನ ನಿನ್ನೆಗಿಂತ ಬಹಳ ಹೆಚ್ಚು. ಊರಿನ ಬೀದಿಗಳಲ್ಲಿ ಎರಡು ದಿನದಿಂದ ನಡೆಯುತ್ತಿರುವ ಕುಡಿತದ ಗದ್ದಲಕ್ಕೂ ಇದೇ ಓಟದ ಹೆಸರು ಎಂಬುದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅರ್ಧಕ್ಕರ್ಧ ವಿದ್ಯಾರ್ಥಿಗಳು ಸೈಕಲ್ಲಿನ ಮುಖವನ್ನೂ ನೋಡದೆ ಈ ವಾರಾಂತ್ಯವನ್ನು ಕಳೆಯುತ್ತಾರೆಂದು ಕಾಣುತ್ತದೆ. ಆದರೂ ಟಿಕೆಟ್ ಕೊಂಡು ಒಳಗೆ ಬಂದವರಿಂದಲೇ ಮೆಟ್ಟಿಲುಗಳು ತುಂಬಿದ್ದವು.

ಇನ್ನೂರು ಸುತ್ತು ಎಂದರೆ ಎರಡು ಗಂಟೆಗೂ ಹೆಚ್ಚು ಕಾಲ. ಮೊದಲ ನೂರೈವತ್ತು ಸುತ್ತುಗಳಲ್ಲಿ ಬಲವಾದ ನಾಲ್ಕೈದು ತಂಡಗಳು ಒಂದನ್ನೊಂದು ಕಾಯುತ್ತಿದ್ದವು, ಯಾರೂ ಮುಂದೆ ಬಂದು ಗಾಳಿಗೆ ಎದೆಯೊಡ್ಡಲು ಒಪ್ಪುತ್ತಿರಲಿಲ್ಲ. ವೇಗ ತಗ್ಗಿದಾಗ ಹಿಂದಿನ ತಂಡಗಳು ಬಂದು ಸೇರಿಕೊಳ್ಳುತ್ತಿದ್ದವು, ಹೆಚ್ಚಿದಾಗ ಉದುರುತ್ತಿದ್ದವು. ಕೊನೆಯ ಸುತ್ತಿನಲ್ಲಿ ಮೂವರು ಒಟ್ಟಿಗೆ ನಾಲ್ಕನೆಯ ತಿರುವಿನಿಂದ ಹೊರಬಿದ್ದರು. ನೂರಾ ತೊಂಬತ್ತೊಂಬತ್ತು ಸುತ್ತುಗಳ ತೀರ್ಮಾನವಾದದ್ದು ಆ ಕೊನೆಯ ನೂರು ಮೀಟರಿನಲ್ಲಿ.

ಓಟದ ನಡುವೆ ನನ್ನ ಪಕ್ಕದಲ್ಲಿ ಕೂತಿದ್ದ ಹಳೆಯ ಸವಾರರೊಬ್ಬರ ಜೊತೆ ಮಾತಾಯಿತು. ವರ್ಷವಿಡೀ ಅಭ್ಯಾಸಕ್ಕೆ ಹಣ ಕೊಡುವ ಹಳೆಯ ವಿದ್ಯಾರ್ಥಿಗಳ ಬಲವಿರುವ ತಂಡಗಳೇ ಮುಂದಿನ ಸಾಲುಗಳಲ್ಲಿರುತ್ತವೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಅವರ ಕಾಲದಲ್ಲಿ ತಂಡದ ಜೊತೆಗಾರನೊಬ್ಬನ ರಾತ್ರಿ ಪಾಳಿಯ ಕೆಲಸವನ್ನು ಉಳಿದ ಮೂವರು ಸರದಿಯ ಮೇಲೆ ಮಾಡಿ, ಕೂಲಿಯನ್ನು ಅವನಿಗೇ ಬಿಟ್ಟು, ಅವನಿಗೆ ನಿದ್ದೆಗೆ ಅವಕಾಶ ಮಾಡಿಕೊಡುತ್ತಿದ್ದರಂತೆ. ಮಾಲೀಕ ಅದಕ್ಕೆ ಒಪ್ಪಿದ್ದು ಹೇಗೆ ಎಂದೆ. ಹಾಲಿನ ಪೆಟ್ಟಿಗೆ ಇಳಿಸುವವನ ಮುಖ ಯಾರದಾದರೇನು ಎಂದು ಅವರು ನಕ್ಕರು. ದಾನವೆಂದರೆ ಚೆಕ್ಕು ಬರೆಯುವುದಷ್ಟೇ ಎಂದುಕೊಂಡವರಿಗೆ ಇದನ್ನು ಹೇಳಬೇಕೆನಿಸಿತು.

ಭಾನುವಾರ

ಬೆಳಿಗ್ಗೆ ತಂಡದವರು ಊರಿನ ದಕ್ಷಿಣಕ್ಕಿರುವ ಮನ್ರೋ ಸರೋವರದ ಕಡೆಗೆ ಮೆಲ್ಲಗೆ ಒಂದು ಸವಾರಿ ಹೋಗಿ ಬಂದರು. ನಾನು ಕಾರಿನಲ್ಲಿ ಹಿಂದೆ ಹೋದೆ. ದಾರಿಯ ಆಚೀಚೆ ಅಲ್ಲಲ್ಲಿ ಸುಣ್ಣಕಲ್ಲನ್ನು ಚೌಕ ಚೌಕವಾಗಿ ಕತ್ತರಿಸಿ ಪೇರಿಸಿದ ರಾಶಿಗಳು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊದಿಕೆಗೆ ಕಲ್ಲು ಹೋದದ್ದು ಈ ಸೀಮೆಯಿಂದಲೇ.

ಮಧ್ಯಾಹ್ನವೆಲ್ಲ ಲೆಕ್ಕಾಚಾರ. ಸುತ್ತಿಗೆ ಇಷ್ಟು ಎಂದು ಬರೆಸಿದವರಿಗೆಲ್ಲ, 97ರಿಂದ ಗುಣಿಸಿ, ಮೊತ್ತ ತಿಳಿಸುವ ಪತ್ರ ಕಳಿಸಬೇಕಿತ್ತು. ಹೀಗೆ ಬರೆಸಿದವರಲ್ಲಿ ಒಂದು ಪಾಲು ಜನ ಓಟ ಮುಗಿದ ಮೇಲೆ ಮರೆತೇಬಿಡುತ್ತಾರೆ, ಅದಕ್ಕೇ ಮೊದಲ ವಾರದೊಳಗೆ ನೆನಪಿಸಬೇಕು, ಎರಡನೆಯ ಬಾರಿ ನೆನಪಿಸಿದರೆ ಸಾಕು, ಮೂರನೆಯ ಬಾರಿ ಕೇಳಬಾರದು ಎಂದು ತಂಡದ ಹಿರಿಯಳ ಸೂತ್ರ. ಕೊಟ್ಟವರಿಗೆ ಧನ್ಯವಾದದ ಚೀಟಿಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಟೈರಿನ ಗಾಳಿ ನೋಡಿ ಹೋದವರಿಗೆ ನಮ್ಮ ಹುಡುಗಿ ಎರಡು ಸಾಲು ಹೆಚ್ಚಾಗಿ ಬರೆದಳು.

ಇಬ್ಬರು ಈ ವರ್ಷ ಪದವಿ ಮುಗಿಸಿ ಹೊರಡುತ್ತಾರೆ, ಹೊಸ ಇಬ್ಬರು ಬೇಕು. ಆಗಸ್ಟ್‌ನಲ್ಲಿ ತರಗತಿ ಆರಂಭವಾದ ಕೂಡಲೇ ಹುಡುಕಾಟ ಶುರುವಾಗಬೇಕೆಂದು ಮಾತಾಯಿತು. ಆಮೇಲೆ ನಿನ್ನೆಯ ಹಳೆಯ ಸವಾರರು ಹೇಳಿದ್ದನ್ನು ನಾನು ಹೇಳಿದೆ. ಭೋಜನಶಾಲೆಯ ಹುಡುಗಿ ಒಪ್ಪಲಿಲ್ಲ. ತನ್ನ ಕೆಲಸವನ್ನು ಬೇರೆಯವರು ಮಾಡುವುದು ಬೇಡ, ಸಂಬಳಪಟ್ಟಿಯಲ್ಲಿ ಅದು ಸಾಧ್ಯವೂ ಇಲ್ಲ ಎಂದಳು. ಅಭ್ಯಾಸವನ್ನೇ ಅವಳ ಹೊತ್ತಿಗೆ ಹೊಂದಿಸಿದರೆ ಹೇಗೆ ಎಂದು ನಮ್ಮ ಹುಡುಗಿ ಕೇಳಿದಳು. ಕ್ಯಾಲೆಂಡರ್ ತೆಗೆದರು. ಜನವರಿಯಿಂದ ರೋಲರ್ ಅಭ್ಯಾಸ ಬೆಳಿಗ್ಗೆ ಆರರ ಬದಲು ಸಂಜೆ ಏಳಕ್ಕೆ. ಅವಳಿಗೆ ಪಾಳಿಯಿಲ್ಲದ ಮೂರು ದಿನ ಮಾತ್ರ ಬೆಳಿಗ್ಗೆ. ಉಳಿದವರಲ್ಲಿ ಒಬ್ಬಳಿಗೆ ಬುಧವಾರ ಸಂಜೆ ಪ್ರಯೋಗಾಲಯದ ತರಗತಿ ಅಡ್ಡ ಬರುತ್ತಿತ್ತು. ಅದನ್ನು ಹೇಗೆ ಸರಿಹೊಂದಿಸುವುದೆಂದು ಅವರು ಚರ್ಚಿಸುತ್ತಿದ್ದಾಗಲೇ ನನಗೆ ವಿಮಾನ ನಿಲ್ದಾಣಕ್ಕೆ ಹೊರಡುವ ಹೊತ್ತಾಯಿತು. ಬುಧವಾರವನ್ನು ಗುರುವಾರಕ್ಕೆ ಸರಿಸಿದರು ಎಂದು ಇಂಡಿಯಾನಾಪೊಲಿಸ್ ತಲುಪುವ ಮೊದಲೇ ನಮ್ಮ ಹುಡುಗಿಗೆ ಸಂದೇಶ ಬಂತು.